ದಿನಾ ಬಳಸೋಕೆ ಟೆಂಪರ್ಡ್ ಗಾಜಿನ ಬೌಲ್ ತರೋಣ ಅಂತಿದೀವಿ, ಯಾವ್ದು ತಗೊಳ್ಳೋದು, ಹೇಗೆ ಬಾಳಿಸೋದು?

ಪ್ರಶ್ನೆ: ನಾವಿರೋದು ವಿಜಯನಗರದಲ್ಲಿ, ಎರಡು ಬೆಡ್‌ರೂಮಿನ ಮನೆ, ಅಡುಗೆಮನೆ ಚಿಕ್ಕದು. ಫ್ರಿಜ್ಜಲ್ಲಿರೋ ಪ್ಲಾಸ್ಟಿಕ್ ಡಬ್ಬಿ ಎಲ್ಲಾ ಅರಿಶಿನದ ಕಲೆ, ಹುಳಿ ವಾಸನೆ, ಅದನ್ನೆಲ್ಲಾ ತೆಗೆದು ಒಂದರೊಳಗೊಂದು ಕೂರೋ ಗಾಜಿನ ಬೌಲ್ ತರೋಣ ಅಂತ. ಹೋದ ವರ್ಷ ಆನ್‌ಲೈನಲ್ಲಿ 'ಅನ್‌ಬ್ರೇಕಬಲ್ ಟೆಂಪರ್ಡ್' ಅಂತ ಹಾಕಿದ್ದ ಐದು ಬೌಲಿನ ಸೆಟ್ ತರಿಸಿದ್ವಿ. ಒಂದು ಕೈ ಜಾರಿ ನೆಲಕ್ಕೆ ಬಿದ್ರೂ ಏನೂ ಆಗ್ಲಿಲ್ಲ, ಆದ್ರೆ ಇನ್ನೊಂದು ರಾತ್ರಿ ಶೆಲ್ಫಲ್ಲಿ ಇಟ್ಟಿದ್ದ ಹಾಗೇ ಢಬ್ ಅಂತ ಒಡೆದು ಪುಡಿಪುಡಿ ಆಯ್ತು. ಅವತ್ತಿಂದ ಅತ್ತೆ ಗಾಜು ಅಂದ್ರೆ ಬೇಡವೇ ಬೇಡ ಅಂತಾರೆ. ಹಾಗೆ ಯಾಕೆ ಆಯ್ತು, ಟೆಂಪರ್ಡ್ ಒಳ್ಳೇದಾ ಬೋರೋಸಿಲಿಕೇಟ್ ಒಳ್ಳೇದಾ, ಎಷ್ಟು ಸೈಜ್ ತಗೋಬೇಕು, ಒಂದರೊಳಗೊಂದು ಇಟ್ರೆ ಸಿಕ್ಕಾಕೊಳ್ಳಲ್ವಾ, ಮತ್ತೆ ಉಳಿದಿರೋ ನಾಲ್ಕು ಬೌಲ್ ಏನ್ಮಾಡ್ಲಿ?

ಉತ್ತರ: ಬಿದ್ದ ಬೌಲ್ ಉಳೀತು, ಸುಮ್ನೆ ಇಟ್ಟಿದ್ದ ಬೌಲ್ ಒಡೀತು. ಕೇಳೋಕೆ ವಿಚಿತ್ರ ಅನ್ಸತ್ತೆ, ಆದ್ರೆ ಎರಡಕ್ಕೂ ಕಾರಣ ಒಂದೇ, ಆ ಕಾರಣ ಒಂದ್ಸಲ ಮನಸ್ಸಲ್ಲಿ ಕೂತ್ರೆ ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲಾ ಅದರಿಂದಾನೇ ಉತ್ತರ ಬರತ್ತೆ, ಅದಕ್ಕೆ ಸ್ವಲ್ಪ ತಾಳ್ಮೆಯಿಂದ ಓದಿ. ನಾನು ಗಾಜಿನ ಸಾಮಾನಿನ ಕ್ವಾಲಿಟಿ ಟೆಸ್ಟಿಂಗ್ ಕೆಲಸದಲ್ಲಿರೋದ್ರಿಂದ ಈ 'ತಾನಾಗೇ ಒಡೀತು' ಅನ್ನೋ ದೂರು ಪದೇ ಪದೇ ನೋಡ್ತೀನಿ, ಜನ ಹೇಳೋದು ಸುಳ್ಳಲ್ಲ, ನಿಜವಾಗ್ಲೂ ಹಾಗೆ ಆಗತ್ತೆ.

ಮಾಮೂಲಿ ಗಾಜು ಅಂದ್ರೆ ಸೋಡಾ ಲೈಮ್ ಗಾಜು, ಮರಳು, ಸೋಡಾ, ಸುಣ್ಣ ಸೇರಿಸಿ ಕರಗಿಸಿದ್ದು. ಕಿಟಕಿ, ಬಾಟ್ಲು, ಲೋಟ ಎಲ್ಲಾ ಇದೇ. ಟೆಂಪರ್ಡ್ ಬೌಲ್ ಕೂಡಾ ಇದೇ ಗಾಜು, ಬೇರೆ ಪದಾರ್ಥ ಏನಲ್ಲ. ಬೌಲ್ ಆಕಾರಕ್ಕೆ ಬಂದ್ಮೇಲೆ ಅದನ್ನ ಸುಮಾರು 620-650 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಲ್ಲಾ ಕಡೆಯಿಂದ ಜೋರಾಗಿ ಗಾಳಿ ಹೊಡೆದು ಒಮ್ಮೆಲೇ ತಣ್ಣಗೆ ಮಾಡ್ತಾರೆ. ಮೇಲಿನ ಪದರ ತಕ್ಷಣ ಗಟ್ಟಿಯಾಗಿಬಿಡತ್ತೆ, ಒಳಗಿಂದು ಇನ್ನೂ ಬಿಸಿ ಇರತ್ತೆ, ಆಮೇಲೆ ಒಳಗಿಂದು ನಿಧಾನಕ್ಕೆ ತಣ್ಣಗಾಗ್ತಾ ಕುಗ್ಗೋಕೆ ಹೋದಾಗ ಆಗಲೇ ಗಟ್ಟಿಯಾಗಿರೋ ಮೇಲ್ಪದರವನ್ನ ಒಳಕ್ಕೆ ಎಳ್ಕೊಂಡು ಅಮುಕತ್ತೆ. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಕೆಂಪಗೆ ಕಾಯಿಸಿ ಹಾಕಿ ನೀರು ಹುಯ್ತಿದ್ರಲ್ಲಾ, ಪಟ್ಟಾ ಕುಗ್ಗಿ ಮರದ ಚಕ್ರ ಬಿಗಿಯಾಗಿ ಕಚ್ಕೊಳ್ತಿತ್ತಲ್ಲಾ, ಅದೇ ಥರ, ಇಲ್ಲಿ ಕುಗ್ಗೋದು ಒಳಗಿಂದು ಅನ್ನೋದಷ್ಟೇ ವ್ಯತ್ಯಾಸ. ಹೀಗಾಗಿ ಬೌಲಿನ ಚರ್ಮ ಯಾವಾಗ್ಲೂ ಅಮುಕಿದ ಸ್ಥಿತಿಲಿ, ಹೊಟ್ಟೆ ಯಾವಾಗ್ಲೂ ಎಳೆದ ಸ್ಥಿತಿಲಿ ಇರತ್ತೆ.

ಗಾಜು ಅಮುಕಿದ್ರೆ ಒಡೆಯಲ್ಲ, ಎಳೆದ್ರೆ ಒಡೆಯತ್ತೆ. ನೆಲಕ್ಕೆ ಬಿದ್ದಾಗ ಮೇಲ್ಮೈಲಿರೋ ಸಣ್ಣ ಬಿರುಕು ಬಾಯಿ ಬಿಡೋಕೆ ನೋಡತ್ತೆ, ಆದ್ರೆ ಮೇಲ್ಪದರ ಅಮುಕಿ ಹಿಡ್ಕೊಂಡಿರೋದ್ರಿಂದ ಆ ಬಿರುಕು ತೆರ್ಕೊಳ್ಳಲ್ಲ. ಅದಕ್ಕೇ ಇದು ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ ಅನ್ನೋದು. ನಿಮ್ಮ ಮೊದಲನೇ ಬೌಲ್ ಉಳಿದಿದ್ದು ಹೀಗೆ. ಆದ್ರೆ ಈ ಅಮುಕಿದ ಪದರ ಎಷ್ಟು ದಪ್ಪ ಗೊತ್ತಾ? ಒಂದೊಂದು ಕಡೆ ಗಾಜಿನ ದಪ್ಪದ ಐದನೇ ಒಂದು ಭಾಗದಷ್ಟು. ಬೌಲಿನ ಗೋಡೆ 4 ಮಿಲಿಮೀಟರ್ ಇದ್ರೆ ಕಾಪಾಡೋ ಪದರ ಮುಕ್ಕಾಲು ಮಿಲಿಮೀಟರ್ ಚಿಲ್ಲರೆ ಅಷ್ಟೇ. ಎಲ್ಲಾದ್ರೂ ಒಂದು ಗೀರು, ಒಂದು ಚೂರು ಎದ್ದ ಗಾಯ ಆ ಪದರ ದಾಟಿ ಒಳಗಿನ ಎಳೆದಿರೋ ಜಾಗಕ್ಕೆ ಮುಟ್ತು ಅಂದ್ರೆ ಕತೆ ಮುಗೀತು, ಒಳಗೆ ಕೂಡಿಟ್ಟಿದ್ದ ಶಕ್ತಿ ಎಲ್ಲಾ ಒಂದೇ ಕ್ಷಣಕ್ಕೆ ಹೊರಗೆ ಬಂದು ಪೂರ್ತಿ ಬೌಲ್ ಪುಡಿ ಆಗತ್ತೆ. ಮಾಮೂಲಿ ಲೋಟದ ಹಾಗೆ ಒಂದು ಕಡೆ ಸೀಳು ಬಿಟ್ಟು ನಿಲ್ಲಲ್ಲ.

ಇನ್ನು ಆ ಗಾಯ ಆದ ತಕ್ಷಣವೇ ಒಡೀಬೇಕು ಅಂತಾನೂ ಇಲ್ಲ. ಬಿರುಕಿನ ತುದಿಲಿ ಗಾಳಿಯ ತೇವ ಗಾಜಿನ ಬಂಧವನ್ನ ಮೆಲ್ಲಗೆ ಕಡೀತಾ ಇರತ್ತೆ, ಬೆಳಿಗ್ಗೆ ಬಿಸಿ, ರಾತ್ರಿ ತಂಪು ಅಂತ ಗಾಜು ಚೂರು ಹಿಗ್ಗಿ ಕುಗ್ಗಿ ಮಾಡ್ತಾ ಇರತ್ತೆ, ಹೀಗೆ ವಾರ, ತಿಂಗಳು ಕಳೆದು ಯಾವತ್ತೋ ರಾತ್ರಿ ಎರಡು ಗಂಟೆಗೆ ಗಡಿ ದಾಟತ್ತೆ. ಕೆಲವೊಮ್ಮೆ ಕಾರ್ಖಾನೆಲೇ ಗಾಜಿನೊಳಗೆ ನಿಕಲ್ ಸಲ್ಫೈಡ್ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಉಳ್ಕೊಂಡು, ಅದು ಕಾಲ ಕಳೆದ ಹಾಗೆ ಊದಿ ಒಡೆಯೋದೂ ಇದೆ, ದೊಡ್ಡ ಬಿಲ್ಡಿಂಗುಗಳ ಗಾಜಿನ ಗೋಡೆ ಸುಮ್ನೆ ಒಡೆಯೋಕೆ ಇದೊಂದು ಗೊತ್ತಿರೋ ಕಾರಣ. ಆದ್ರೆ ಅಡುಗೆಮನೆ ಬೌಲಲ್ಲಿ ನಾನು ಮೊದಲು ಅನುಮಾನ ಪಡೋದು ಗೀರನ್ನ, ಅದ್ರಲ್ಲೂ ಅಂಚಿನ ಗೀರನ್ನ.

ನಮ್ಮ ಬೆಂಗಳೂರಿನ ಅಡುಗೆಮನೆಲಿ ಈ ಗೀರು ಎಲ್ಲಿಂದ ಬರತ್ತೆ ಅಂತ ಹೇಳ್ತೀನಿ, ನಿಮ್ಮ ಮನೇಲೂ ಹೀಗೇ ಇರ್ಬೋದು ನೋಡ್ಕೊಳ್ಳಿ. ಪಾತ್ರೆ ತೊಳೆದ್ಮೇಲೆ ನೀರು ಇಳೀಲಿ ಅಂತ ಗ್ರಾನೈಟ್ ಕಟ್ಟೆ ಮೇಲೆ ಬೋರಲು ಹಾಕ್ತೀವಿ. ಸ್ಟೀಲ್ ಪಾತ್ರೆಗೆ ಅದರಿಂದ ಏನೂ ಆಗಲ್ಲ. ಗಾಜಿನ ಬೌಲ್ ಬೋರಲು ಹಾಕ್ದಾಗ ಇಡೀ ಭಾರ ಅಂಚಿನ ಮೇಲೆ, ಆಮೇಲೆ ಇನ್ನೊಂದು ಪಾತ್ರೆಗೆ ಜಾಗ ಮಾಡೋಕೆ ಅಂತ ಅದನ್ನ ಎತ್ತದೆ ಸರ್ರ್ ಅಂತ ಪಕ್ಕಕ್ಕೆ ತಳ್ತೀವಿ. ಗ್ರಾನೈಟಲ್ಲಿರೋ ಹೊಳೆಯೋ ಬಿಳಿ ಹರಳುಗಳಲ್ಲಿ ಕ್ವಾರ್ಟ್ಜ್ ಇದೆ, ಅದು ಗಾಜಿಗಿಂತ ಗಟ್ಟಿ. ಪ್ರತಿ ಸಲ ತಳ್ಳಿದಾಗ್ಲೂ ಅಂಚಿನ ಮೇಲೆ ಒಂದೊಂದು ಗೀರು. ದಿನಕ್ಕೆ ಎರಡು ಸಲ, ವರ್ಷ ಪೂರ್ತಿ ಅಂತ ಲೆಕ್ಕ ಹಾಕಿ. ಒಂದು ಹಳೇ ಬೌಲ್ ತಗೊಂಡು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಅಂಚಿನ ಸುತ್ತ ನೋಡಿ, ಹೊಸದ್ರಲ್ಲಿ ನುಣ್ಣಗೆ ಹೊಳೀತಿದ್ದ ಜಾಗ ಮಂಕಾಗಿ ಬೂದಿ ಬಣ್ಣದ ಗೆರೆ ಥರ ಕಾಣತ್ತೆ, ಉಗುರು ಆಡಿಸಿದ್ರೆ ತರಿತರಿ ಅನ್ಸತ್ತೆ. ಬೌಲಿನ ಆಯಸ್ಸು ಸವೀತಾ ಇರೋದು ಅಲ್ಲೇ. ಮೇಲಿಂದ ಬೀಳೋದಕ್ಕಿಂತ ನನಗೆ ಇದೇ ಹೆಚ್ಚು ಭಯ.

ಪರಿಹಾರ ಸುಲಭ. ತೊಳೆದ ಬೌಲುಗಳನ್ನ ಮಡಿಸಿದ ಕಾಟನ್ ಟವೆಲ್ ಮೇಲೆ ಇಲ್ಲಾ ಪ್ಲಾಸ್ಟಿಕ್ ಕೋಟಿಂಗ್ ಇರೋ ರ‍್ಯಾಕಲ್ಲಿ ಇಡಿ, ಕಟ್ಟೆ ಮೇಲೆ ಎಳೀಬೇಡಿ, ಎತ್ತಿ ಇಡಿ. ಸಿಂಕಲ್ಲಿ ಕುಕ್ಕರ್, ಸೌಟು, ಚಾಕು ಎಲ್ಲದರ ಜೊತೆ ಗುಡ್ಡೆ ಹಾಕ್ಬೇಡಿ, ಗಾಜನ್ನ ಮೊದಲು ತೊಳೆದು ಎತ್ತಿಟ್ಬಿಡಿ. ಸ್ಟೀಲ್ ನಾರು, ಬೂದಿ, ತರಿತರಿ ಪುಡಿ ಸೋಪು ಬೇಡ. ಹಸಿರು ಪ್ಯಾಡೂ ಬೇಡ, ಯಾಕಂದ್ರೆ ಅಂಥ ಬಹಳಷ್ಟು ಪ್ಯಾಡುಗಳಲ್ಲಿ ಉಜ್ಜೋ ಶಕ್ತಿ ಬರ್ಲಿ ಅಂತ ಅಲ್ಯುಮಿನಿಯಂ ಆಕ್ಸೈಡ್ ಥರದ, ಗಾಜಿಗಿಂತ ಗಟ್ಟಿಯಾದ ಖನಿಜದ ಪುಡಿ ಸೇರಿಸಿರ್ತಾರೆ. ಹಳದಿ ಸ್ಪಾಂಜು, ಲಿಕ್ವಿಡ್ ಸೋಪು ಸಾಕು. ಹಿಡ್ಕೊಂಡಿರೋದಕ್ಕೆ ಬಿಸಿನೀರು ಹಾಕಿ ಅರ್ಧ ಗಂಟೆ ಬಿಡಿ, ಗಾಜಿಗೆ ಏನೂ ಅಂಟಿ ಕೂರಲ್ಲ, ತಾನಾಗೇ ಬಿಡತ್ತೆ. ಪಾತ್ರೆ ತೊಳೆಯೋಕೆ ಕೆಲಸದವರು ಬರ್ತಾರೆ ಅಂದ್ರೆ ದಯವಿಟ್ಟು ಅವರಿಗೆ ಒಂದು ಬೇರೆ ಸ್ಪಾಂಜ್ ಕೊಟ್ಟು, ಯಾಕೆ ಅಂತ ಕಾರಣ ಸಮೇತ ಹೇಳಿ. 'ಹುಷಾರಾಗಿ ತೊಳೀರಿ' ಅಂತ ಮಾತ್ರ ಹೇಳಿದ್ರೆ ಅವರಿಗೆ ಬೀಳಿಸ್ಬೇಡಿ ಅಂತ ಅರ್ಥ ಆಗತ್ತೆ, ಗೀರ್ಬೇಡಿ ಅಂತ ಅರ್ಥ ಆಗಲ್ಲ. ಒಡೆದಾಗ ಅವರ ಮೇಲೆ ತಪ್ಪು ಹೊರಿಸೋದೂ ಅನ್ಯಾಯ, ಆ ಗೀರು ಎಷ್ಟು ತಿಂಗಳ ಹಿಂದಿಂದೋ ಯಾರಿಗೆ ಗೊತ್ತು.

ಬೋರ್‌ವೆಲ್ ಇಲ್ಲಾ ಟ್ಯಾಂಕರ್ ನೀರಿರೋ ಮನೇಲಿ ಬೌಲ್ ಮೇಲೆ ಬಿಳೀ ಮಂಕು ಕೂರತ್ತೆ, ಕಾವೇರಿ ನೀರಲ್ಲಿ ಕಮ್ಮಿ. ಹಿಂಡಿದ ನಿಂಬೆ ಹೋಳು ಇಲ್ಲಾ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದ್ರೆ ಹೋಗತ್ತೆ. ಹೋಗ್ಲಿಲ್ಲ ಅಂದ್ರೆ ಅದು ಸುಣ್ಣ ಅಲ್ಲ, ಗಾಜಿನ ಮೇಲ್ಮೈನೇ ಸವೆದಿದೆ ಅಂತ, ಡಿಶ್‌ವಾಶರಲ್ಲಿ ಪದೇ ಪದೇ ತೊಳೆದ್ರೂ ಹೀಗಾಗತ್ತೆ.

ಈಗ ಬಿಸಿಯ ವಿಷಯ. ಟೆಂಪರ್ಡ್ ಬೌಲ್ ಎಷ್ಟು ತಾಪಮಾನದ ವ್ಯತ್ಯಾಸ ತಡೀಬೇಕು ಅಂತ ಕಂಪನಿಗಳು ಹೇಳ್ತವೆ, ಫ್ರಾನ್ಸಿನ ಡ್ಯುರಾಲೆಕ್ಸ್ ಹೇಳೋದು 130 ಡಿಗ್ರಿ. ಅದನ್ನ ನಮ್ಮ ಅಡುಗೆಗೆ ಹಾಕಿ ನೋಡೋಣ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರೋದ್ರಿಂದ ಇಲ್ಲಿ ನೀರು ಕುದಿಯೋದೇ ಸುಮಾರು 97 ಡಿಗ್ರಿಗೆ. ಕೊತಕೊತ ಕುದಿಯೋ ಸಾರನ್ನ 25 ಡಿಗ್ರಿ ಇರೋ ಬೌಲಿಗೆ ಬಗ್ಗಿಸಿದ್ರೆ ವ್ಯತ್ಯಾಸ 72, ಆರಾಮ. ಫ್ರಿಜ್ಜಿಂದ ಈಗಷ್ಟೇ ತೆಗೆದ ಬೌಲಿಗೆ ಬಗ್ಗಿಸಿದ್ರೂ 93 ಆಸುಪಾಸು, ಗೀರಿಲ್ಲದ ಒಳ್ಳೇ ಬೌಲ್ ತಡೆಯತ್ತೆ, ಆದ್ರೂ ದಿನಾ ಹಾಗೆ ಮಾಡೋದು ಬೇಡ ಅಂತೀನಿ. ಟೆಂಪರ್ ಆಗದೆ ಇರೋ ಮಾಮೂಲಿ ಗಾಜು ಇಷ್ಟಕ್ಕೇ ಸೀಳು ಬಿಡತ್ತೆ.

ಅಪಾಯ ಇರೋದು ಒಗ್ಗರಣೆಲಿ. ಸಾಸಿವೆ ಚಟಪಟ ಅನ್ನೋ ಹೊತ್ತಿಗೆ ಎಣ್ಣೆ ಸುಮಾರು 170-180 ಡಿಗ್ರಿ ಆಗಿರತ್ತೆ, ಅದನ್ನ ಕೋಸಂಬರಿ ಬೌಲಿಗೆ ಚುಂಯ್ ಅಂತ ಹುಯ್ತೀವಿ. ಬೇಳೆ, ಸೌತೆಕಾಯಿ ಮೇಲೆ ಬಿದ್ರೆ ಪರ್ವಾಗಿಲ್ಲ, ಅಲ್ಲೇ ತಣ್ಣಗಾಗತ್ತೆ, ಆದ್ರೆ ಒಗ್ಗರಣೆ ಸೌಟು ಚೂರು ಓರೆಯಾಗಿ ಎಣ್ಣೆ ಖಾಲಿ ಗೋಡೆ ಮೇಲೆ ಹರಿದ್ರೆ ಅಂಗೈಯಷ್ಟು ಜಾಗದಲ್ಲಿ 150 ಡಿಗ್ರಿ ವ್ಯತ್ಯಾಸ, ಅದೂ ಒಂದು ಸೆಕೆಂಡಲ್ಲಿ. ಮೊಸರನ್ನ, ಚಟ್ನಿ, ಕೋಸಂಬರಿ ಯಾವ್ದಾದ್ರೂ ಸರಿ, ಒಗ್ಗರಣೆನ ಒಂದು ನಿಮಿಷ ಸೌಟಲ್ಲೇ ಆರೋಕೆ ಬಿಟ್ಟು ಮಧ್ಯಕ್ಕೆ ಹಾಕಿ, ಇಲ್ಲಾ ಸ್ಟೀಲ್ ಪಾತ್ರೆಲಿ ಕಲಸಿ ಆಮೇಲೆ ಗಾಜಿಗೆ ತೆಗೀರಿ. ನನ್ನ ಕೇಳಿದ್ರೆ ಎರಡನೇದೇ ಒಳ್ಳೇದು.

ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ತಣ್ಣಗಿರೋ ಗಾಜಿಗೆ ಬಿಸಿ ತಾಕೋದಕ್ಕಿಂತ ಬಿಸಿ ಗಾಜಿಗೆ ತಣ್ಣಗಿರೋದು ತಾಕೋದು ಕೆಟ್ಟದ್ದು, ಯಾಕಂದ್ರೆ ಮೇಲ್ಮೈ ಒಮ್ಮೆಲೇ ತಣ್ಣಗಾದ್ರೆ ಕುಗ್ಗೋಕೆ ಹೋಗಿ ಎಳೆತಕ್ಕೆ ಬೀಳತ್ತೆ. ಅಂದ್ರೆ ಮೈಕ್ರೋವೇವಿಂದ ಹುಳಿ ಬಿಸಿ ಮಾಡಿ ತೆಗೆದ ಬೌಲನ್ನ ಒದ್ದೆ ಗ್ರಾನೈಟ್ ಕಟ್ಟೆ ಮೇಲೆ ಟಪ್ ಅಂತ ಇಡೋದು, ನಾವು ಯೋಚನೆನೇ ಮಾಡದೆ ಮಾಡೋ ಕೆಲಸ. ಒಣಗಿದ ಮಸಿಬಟ್ಟೆ ಮಡಿಸಿ ಅದರ ಮೇಲೆ ಇಡಿ. ಒದ್ದೆ ಮಸಿಬಟ್ಟೆ ಆಗಲ್ಲ. ಮೈಕ್ರೋವೇವಲ್ಲಿ ಖಾಲಿ ಬೌಲ್ ಇಡೋದು, ಬರೀ ಎರಡು ಚಮಚ ತುಪ್ಪ ಹಾಕಿ ನಿಮಿಷಗಟ್ಟಲೆ ಕಾಯಿಸೋದು ಬೇಡ. ಗ್ಯಾಸ್ ಮೇಲೆ, ಓಟಿಜಿ ಒಳಗೆ, ಕುಕ್ಕರ್ ಒಳಗೆ ಟೆಂಪರ್ಡ್ ಬೌಲ್ ಇಡ್ಲೇಬೇಡಿ. ಅಲ್ಲಿ ಸ್ಟೀಲೇ ಸರಿ, ಇಲ್ಲಾ ಓವನ್ ಆದ್ರೆ ಬೋರೋಸಿಲಿಕೇಟ್.

ಇಲ್ಲಿಗೆ ನಿಮ್ಮ ಎರಡನೇ ಪ್ರಶ್ನೆ ಬಂತು. ಬೋರೋಸಿಲಿಕೇಟ್ ಅಂದ್ರೆ ಪದಾರ್ಥನೇ ಬೇರೆ, ಅದರಲ್ಲಿ ಬೋರಾನ್ ಆಕ್ಸೈಡ್ ಸೇರಿರತ್ತೆ, ಬಿಸಿಗೆ ಅದು ಮಾಮೂಲಿ ಗಾಜಿನ ಮೂರನೇ ಒಂದು ಭಾಗದಷ್ಟು ಮಾತ್ರ ಹಿಗ್ಗತ್ತೆ. ಹಿಗ್ಗೋದೇ ಕಮ್ಮಿ ಆದ್ರೆ ಒಳಗೆ ಎಳೆತವೂ ಕಮ್ಮಿ, ಅದಕ್ಕೇ ಲ್ಯಾಬಿನ ಬೀಕರ್ ಎಲ್ಲಾ ಇದರಲ್ಲೇ ಮಾಡೋದು. ನಮ್ಮ ದೇಶದಲ್ಲಿ ಬೋರೋಸಿಲ್ 1962ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಜೊತೆಗೂಡಿ ಶುರುವಾಗಿದ್ದು ಈ ಗಾಜಿಂದಾನೇ. ಬಿಸಿ ವಿಷಯದಲ್ಲಿ ಬೋರೋಸಿಲಿಕೇಟ್ ಮುಂದೆ, ಏಟು ತಡೆಯೋದ್ರಲ್ಲಿ ಟೆಂಪರ್ಡ್ ಮುಂದೆ. ಬೋರೋಸಿಲಿಕೇಟ್ ಒಡೆದ್ರೆ ದೊಡ್ಡ ದೊಡ್ಡ ಚೂಪು ಚೂರಾಗಿ ಒಡೆಯತ್ತೆ, ಟೆಂಪರ್ಡ್ ಸಣ್ಣ ಸಣ್ಣ ತುಂಡಾಗತ್ತೆ. ದಿನಾ ಊಟಕ್ಕೆ, ಕಲಸೋಕೆ, ಫ್ರಿಜ್ಜಲ್ಲಿ ಇಡೋಕೆ, ಮನೇಲಿ ಓಡಾಡೋ ಮಕ್ಕಳು, ವಯಸ್ಸಾದವರು ಇದ್ರೆ ಟೆಂಪರ್ಡ್ ತಗೊಳ್ಳಿ. ಕೇಕ್, ಬೇಕ್ ಮಾಡೋ ಅಭ್ಯಾಸ ಇದ್ರೆ ಅದಕ್ಕೆ ಅಂತ ಒಂದೋ ಎರಡೋ ಬೋರೋಸಿಲಿಕೇಟ್ ಇಟ್ಕೊಳ್ಳಿ. ಒಂದೇ ಸೆಟ್ಟಲ್ಲಿ ಎಲ್ಲಾ ಕೆಲಸ ಆಗ್ಬೇಕು ಅಂತ ಹೊರಟ್ರೇ ತಾಪತ್ರಯ.

ಅಮೆರಿಕದಲ್ಲಿರೋ ನೆಂಟರು ಪೈರೆಕ್ಸ್ ಬ್ರ್ಯಾಂಡಿನ ಗಾಜಿನ ಪಾತ್ರೆ ತಂದ್ಕೊಡ್ತಾರೆ ಅಂತ ಸುಮಾರು ಜನ ಕೇಳ್ತಾರೆ, ಅದಕ್ಕೂ ಒಂದು ಮಾತು. ಪೈರೆಕ್ಸ್ 1915ರಲ್ಲಿ ಬಂದಾಗ ಬೋರೋಸಿಲಿಕೇಟೇ ಆಗಿತ್ತು, ಆದ್ರೆ ಅಮೆರಿಕದಲ್ಲಿ ಈಗ ಮಾರೋ ಅಡುಗೆಮನೆ ಪೈರೆಕ್ಸ್ ಟೆಂಪರ್ಡ್ ಸೋಡಾ ಲೈಮು, ಯೂರೋಪಿನದು ಬೋರೋಸಿಲಿಕೇಟು. ಎರಡೂ ಒಳ್ಳೇ ಸಾಮಾನೇ, ಆದ್ರೆ ಹೆಸರು ನೋಡಿ ಓವನ್ನಿಂದ ತೆಗೆದು ಒದ್ದೆ ಕಟ್ಟೆ ಮೇಲೆ ಇಡೋ ಧೈರ್ಯ ಮಾಡ್ಬೇಡಿ. ಬಿಳೀ ಓಪಲ್‌ವೇರ್ ಬೌಲುಗಳೂ, ಲಾ ಒಪಾಲಾ, ಬೋರೋಸಿಲಿನ ಲಾರಾ ಥರದ್ದು, ಟೆಂಪರ್ ಮಾಡಿದ ಗಾಜೇ, ಹಗುರ, ಬಡಿಸೋಕೆ ಚೆನ್ನ, ಒಳಗೇನಿದೆ ಅಂತ ಹೊರಗಿಂದ ಕಾಣಲ್ಲ ಅನ್ನೋದೊಂದೇ ಫ್ರಿಜ್ಜಿಗೆ ಕೊರತೆ. ಬಣ್ಣದ ಹೂವು, ಚಿನ್ನದ ಗೆರೆ ಇರೋದು ದಿನಬಳಕೆಗೆ ಬೇಡ, ಗೆರೆ ಇರೋದು ಮೈಕ್ರೋವೇವಲ್ಲಿ ಕಿಡಿ ಹಾರಿಸತ್ತೆ, ಅಗ್ಗದ ಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂ ಇರೋ ಸಾಧ್ಯತೆಯೂ ಇದೆ. ಏನೂ ಚಿತ್ರ ಇಲ್ಲದ ತಿಳಿ ಗಾಜೇ ಒಳ್ಳೇದು.

ಟೆಂಪರ್ಡ್ ಅಂತ ಬರೆದಿರೋದೆಲ್ಲಾ ನಿಜವಾಗ್ಲೂ ಟೆಂಪರ್ಡಾ ಅಂತ ಮನೇಲೇ ನೋಡ್ಬೋದು, ಇದು ನನಗೆ ತುಂಬಾ ಇಷ್ಟದ ಪರೀಕ್ಷೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಒಂದಿದ್ರೆ ಸಾಕು. ಲ್ಯಾಪ್‌ಟಾಪಿನ ಎಲ್‌ಸಿಡಿ ಸ್ಕ್ರೀನಲ್ಲಿ ಪೂರ್ತಿ ಬಿಳೀ ಪುಟ ತೆರೀರಿ, ಕೂಲಿಂಗ್ ಗ್ಲಾಸನ್ನ ಕಣ್ಣ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸ್ತಾ ಹೋಗಿ, ಒಂದು ಕೋನದಲ್ಲಿ ಸ್ಕ್ರೀನ್ ಕಪ್ಪಾಗತ್ತೆ. ಅಲ್ಲಿಗೆ ನಿಲ್ಲಿಸಿ ಸ್ಕ್ರೀನಿಗೂ ಕೂಲಿಂಗ್ ಗ್ಲಾಸಿಗೂ ಮಧ್ಯೆ ಬೌಲ್ ತನ್ನಿ. ಟೆಂಪರ್ಡ್ ಆಗಿದ್ರೆ ಆ ಕಪ್ಪಿನ ಮಧ್ಯೆ ಬೌಲ್ ಬೆಳಗತ್ತೆ, ಅಂಚಿನ ಹತ್ರ, ತಳದ ಹತ್ರ ಬಿಳೀ ಪಟ್ಟೆ, ಕೆಲವು ಬೌಲಲ್ಲಿ ಹಳದಿ, ನೀಲಿ, ಕೆಂಪು ಬಣ್ಣದ ಅಲೆ ಕಾಣತ್ತೆ. ಒಳಗೆ ಸೆರೆಯಾಗಿರೋ ಎಳೆತವೇ ಹಾಗೆ ಬೆಳಕಾಗಿ ಕಾಣೋದು. ಮಾಮೂಲಿ ಗಾಜು ಬಹುತೇಕ ಕಪ್ಪಾಗೇ ಉಳಿಯತ್ತೆ. ಪಟ್ಟೆ ಬೌಲಿನ ಸುತ್ತಲೂ ಒಂದೇ ಸಮ ಇದ್ರೆ ಗಾಳಿ ಸಮನಾಗಿ ಹೊಡೆದಿದಾರೆ ಅಂತ ಅರ್ಥ, ಒಂದು ಕಡೆ ದಟ್ಟ, ಇನ್ನೊಂದು ಕಡೆ ಇಲ್ಲವೇ ಇಲ್ಲ ಅನ್ನೋ ಹಾಗಿದ್ರೆ ಆ ಬೌಲ್ ವಾಪಸ್ ಕೊಡಿ. ಉಳಿದಿರೋ ನಿಮ್ಮ ನಾಲ್ಕು ಬೌಲನ್ನೂ ಹೀಗೆ ನೋಡಿ.

ಒಂದರೊಳಗೊಂದು ಕೂರೋ ವಿಷಯದಲ್ಲಿ ನನಗೆ ಒಂದು ಖಡಾಖಂಡಿತ ಅಭಿಪ್ರಾಯ ಇದೆ. ಫೋಟೋದಲ್ಲಿ ಚೆಂದ ಕಾಣೋದು ಹತ್ತು ಸೈಜಿನ ಸೆಟ್ಟು, ಪುಟಾಣಿಯಿಂದ ದೊಡ್ಡದರ ತನಕ. ಡ್ಯುರಾಲೆಕ್ಸಿನ ಲಿಸ್ ಅನ್ನೋ ಬೌಲುಗಳು ಈ ಥರದ್ರಲ್ಲಿ ಹೆಸರುವಾಸಿ, 6 ಸೆಂಟಿಮೀಟರಿಂದ 31 ಸೆಂಟಿಮೀಟರ್ ತನಕ ಬರತ್ತೆ. ಆ ಬ್ರ್ಯಾಂಡ್ 1945ರಲ್ಲಿ ಶುರುವಾಗಿದ್ದು, ಫ್ರಾನ್ಸಿನ ಆರ್ಲಿಯನ್ಸ್ ಪಕ್ಕದ ಊರಲ್ಲಿ ಅದರ ಕಾರ್ಖಾನೆ, 2024ರಲ್ಲಿ ಕಂಪನಿ ಕಷ್ಟಕ್ಕೆ ಸಿಕ್ಕಾಗ ಕೆಲಸಗಾರರೇ ಸಹಕಾರಿ ಮಾಡ್ಕೊಂಡು ತಾವೇ ಕೈಗೆ ತಗೊಂಡ್ರು, ನನಗಂತೂ ಆ ಸುದ್ದಿ ಓದಿ ಬಹಳ ಸಂತೋಷ ಆಯ್ತು. ಲಿಸ್ ಬೌಲಿನ ಜಾಣತನ ಇರೋದು ಅದರ ದಪ್ಪ ಅಂಚಲ್ಲಿ. ಒಳಗಿನ ಬೌಲ್ ತನ್ನ ಅಂಚಿಂದ ಹೊರಗಿನದರ ಮೇಲೆ ಕೂರತ್ತೆ, ಗೋಡೆಗೆ ಗೋಡೆ ಉಜ್ಜಲ್ಲ, ಹಾಗಾಗಿ ಬಿಗಿಯಾಗಿ ಸಿಕ್ಕಾಕೊಳ್ಳೋದೂ ಇಲ್ಲ, ಗೀರೂ ಕಮ್ಮಿ. ನೀವು ಯಾವ ಬ್ರ್ಯಾಂಡ್ ತಗೊಂಡ್ರೂ ಈ ಗುಣ ಇದೆಯಾ ನೋಡಿ. ಚಿಕ್ಕಪೇಟೆ ಪಾತ್ರೆ ಅಂಗಡಿಗೋ ಗಾಂಧಿಬಜಾರಿಗೋ ಹೋದ್ರೆ ಎರಡು ಬೌಲ್ ಒಂದರೊಳಗೊಂದು ಇಟ್ಟು ಬೆಳಕಿಗೆ ಹಿಡೀರಿ, ಮಧ್ಯೆ ಸುತ್ತಲೂ ಸಂದು ಕಾಣ್ಬೇಕು. ಮೇಲಿನದನ್ನ ಮೆಲ್ಲಗೆ ತಿರುಗಿಸಿ, ಸಲೀಸಾಗಿ ತಿರುಗ್ಬೇಕು, ಕರ್ರ್ ಅನ್ನೋ ಸದ್ದು ಬಂದ್ರೆ ಗೋಡೆಗಳು ಉಜ್ತಿವೆ ಅಂತ, ಅದು ಬೇಡ. ಅಂಚಿನ ಸುತ್ತ ಉಗುರು ಆಡಿಸಿ, ಅಚ್ಚಿನ ಗೆರೆ ಚೂಪಾಗಿ ಎದ್ದಿದ್ರೆ ಅದೂ ಬೇಡ. ಅಂಗಡಿಯವರು ಬೇಜಾರು ಮಾಡ್ಕೊಳ್ಳಲ್ಲ, ಸ್ಟೀಲ್ ಪಾತ್ರೆನೂ ನಾವು ತಟ್ಟಿ ನೋಡೇ ತರೋದಲ್ವಾ.

ಆದ್ರೆ ಹತ್ತು ಸೈಜ್ ನಿಮಗೆ ಬೇಡ. ಒಂದೊಂದು ಸೈಜಿಂದು ಒಂದೊಂದೇ ಇದ್ರೆ ದಿನಾ ಬೇಕಾಗೋದು ಮಧ್ಯದ್ದು ಎರಡು ಮಾತ್ರ, ಅವು ಯಾವಾಗ್ಲೂ ಫ್ರಿಜ್ಜಲ್ಲೋ ಸಿಂಕಲ್ಲೋ ಇರ್ತವೆ, ಉಳಿದಿದ್ದು ಶೆಲ್ಫಲ್ಲಿ ಧೂಳು ಹಿಡೀತವೆ. ತಳದ ದೊಡ್ಡ ಬೌಲ್ ಬೇಕಂದ್ರೆ ಮೇಲಿನ ಒಂಬತ್ತನ್ನ ಎತ್ತಿ ಇಳಿಸ್ಬೇಕು, ಪ್ರತಿ ಸಲ ಗಾಜಿಗೆ ಗಾಜು ತಾಕತ್ತೆ. ನಾಲ್ಕು ಜನದ ಮನೆಗೆ ನಾನು ಹೇಳೋದು: ಸುಮಾರು 14 ಸೆಂಟಿಮೀಟರಿಂದು, ಅರ್ಧ ಲೀಟರ್ ಹಿಡಿಯೋದು, ಒಂದೇ ಅಳತೆಯದ್ದು ಆರು. ಉಪ್ಪಿಟ್ಟು ತಿನ್ನೋಕೆ, ಸಾರನ್ನಕ್ಕೆ, ಮಿಕ್ಕಿದ ಪಲ್ಯ ಫ್ರಿಜ್ಜಲ್ಲಿ ಇಡೋಕೆ ಎಲ್ಲದಕ್ಕೂ ಆಗತ್ತೆ. ಅದರ ಜೊತೆ 17 ಸೆಂಟಿಮೀಟರಿಂದು ಎರಡು, ಮೊಸರು ಹೆಪ್ಪು ಹಾಕೋಕೆ, ಹುಳಿ ಎತ್ತಿಡೋಕೆ. 23ರದ್ದು ಒಂದು, ಕೋಸಂಬರಿ, ಚಪಾತಿ ಹಿಟ್ಟು, ಬೇಳೆ ನೆನೆಹಾಕೋಕೆ. ಪುಟಾಣಿ ಚಟ್ನಿ ಬಟ್ಲು ಬೇಕಾದ್ರೆ ಆಮೇಲೆ ತಗೊಳ್ಳಿ. ಬಿಡಿಬಿಡಿಯಾಗಿ ಸಿಗತ್ತಾ ಅಂತ ಕೇಳಿ, ಒಂದು ಒಡೆದ್ರೆ ಅದೇ ಅಳತೆಯದ್ದು ಮತ್ತೆ ಸಿಗೋ ಹಾಗಿರ್ಬೇಕು, ಇಲ್ಲಾಂದ್ರೆ ಎರಡು ವರ್ಷದಲ್ಲಿ ಯಾವುದೂ ಯಾವುದರ ಮೇಲೂ ಕೂರಲ್ಲ. ದೋಸೆ ಹಿಟ್ಟಿಗೆ ಮಾತ್ರ ಗಾಜು ಬಳಸೋದಾದ್ರೆ ಮುಚ್ಚಳ ಬಿಗಿ ಮಾಡ್ಬೇಡಿ, ಗ್ಯಾಸ್ ಹೋಗೋಕೆ ದಾರಿ ಬೇಕು. ಫ್ರೀಜರಲ್ಲಿ ಇಡೋದಾದ್ರೆ ಮುಕ್ಕಾಲು ಭಾಗ ಮಾತ್ರ ತುಂಬಿಸಿ, ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗತ್ತೆ.

ಶೆಲ್ಫಲ್ಲಿ ಇಡೋವಾಗ ಪೂರ್ತಿ ಒಣಗಿಸಿ ಇಡಿ, ಒದ್ದೆ ಇದ್ರೇ ಒಂದಕ್ಕೊಂದು ಕಚ್ಕೊಳ್ಳೋದು. ನಾಲ್ಕಕ್ಕಿಂತ ಹೆಚ್ಚು ಒಂದರ ಮೇಲೊಂದು ಬೇಡ, ಮಧ್ಯೆ ಒಂದೊಂದು ಹಳೇ ಕಾಟನ್ ಬಟ್ಟೆ ಚೂರು ಹಾಕಿದ್ರೆ ಇನ್ನೂ ಒಳ್ಳೇದು. ತಲೆ ಮೇಲಿನ ಸಜ್ಜಾದಲ್ಲಿ ಬೇಡ, ಸೊಂಟದ ಮಟ್ಟದ ಶೆಲ್ಫ್ ಇಲ್ಲಾ ಡ್ರಾಯರಲ್ಲಿ ಇಡಿ. ಕಚ್ಕೊಂಡ್ರೆ ಚಾಕು ಹಾಕಿ ಮೀಟ್ಬೇಡಿ, ಚಮಚದಲ್ಲಿ ತಟ್ಬೇಡಿ. ಒಳಗಿನ ಬೌಲಿಗೆ ಫ್ರಿಜ್ಜಿನ ತಣ್ಣೀರು ತುಂಬಿಸಿ, ಹೊರಗಿನದನ್ನ ಸ್ನಾನದ ನೀರಿನಷ್ಟು ಬೆಚ್ಚಗಿರೋ ನೀರಲ್ಲಿ ಎರಡು ನಿಮಿಷ ಕೂರಿಸಿ, ಒಳಗಿಂದು ಕುಗ್ಗಿ ಹೊರಗಿಂದು ಹಿಗ್ಗಿ ತಾನಾಗೇ ಬಿಟ್ಕೊಳ್ಳತ್ತೆ. ಅವಸರಕ್ಕೆ ಕುದಿಯೋ ನೀರು ಹಾಕ್ಬೇಡಿ.

ನಿಮ್ಮ ಅತ್ತೆಯವರ ಭಯಕ್ಕೆ ಬೆಲೆ ಕೊಡ್ಬೇಕು. ಅರ್ಧ ರಾತ್ರಿ ಆ ಸದ್ದು ಕೇಳಿದವರಿಗೆ ಭಯ ಆಗದೆ ಇರತ್ತಾ? 'ಇದು ಒಡೆಯಲ್ಲಮ್ಮ' ಅಂತ ಮಾತ್ರ ಹೇಳ್ಬೇಡಿ, ಯಾವ ಗಾಜೂ ಅನ್‌ಬ್ರೇಕಬಲ್ ಅಲ್ಲ, ಆ ಪದ ಹಾಕಿ ಮಾರೋದೇ ತಪ್ಪು. ಯಾಕೆ ಒಡೀತು, ಹೇಗೆ ತಡೀಬೋದು ಅಂತ ಅವರ ಜೊತೆ ಕೂತು ಹೇಳಿ, ಬೇಕಾದ್ರೆ ಆ ಕೂಲಿಂಗ್ ಗ್ಲಾಸ್ ಪರೀಕ್ಷೆನ ಅವರ ಕೈಲೇ ಮಾಡಿಸಿ, ಕಣ್ಣಾರೆ ಕಂಡಿದ್ದು ಮನಸ್ಸಿಗೆ ಹಿಡಿಯತ್ತೆ. ಮೊದಲು ಎರಡೇ ಬೌಲ್ ತನ್ನಿ, ಮೊಸರಿಗೆ ಒಂದು, ಮಿಕ್ಕಿದ್ದು ಎತ್ತಿಡೋಕೆ ಒಂದು. ಎರಡು ಮೂರು ತಿಂಗಳು ಬಳಸಿ ಮನೆಯವರಿಗೆಲ್ಲಾ ಸರಿ ಅನ್ಸಿದ್ಮೇಲೆ ಉಳಿದಿದ್ದು ತನ್ನಿ. ಅವರಿಗೆ ಭಾರ ಎತ್ತೋಕೆ ಕಷ್ಟ ಆದ್ರೆ ದೊಡ್ಡ ಬೌಲ್ ಬದಲು ಸ್ಟೀಲ್ ಬೇಸಿನ್ನೇ ಇರ್ಲಿ, ಎಲ್ಲಾದೂ ಗಾಜೇ ಆಗ್ಬೇಕು ಅಂತೇನಿಲ್ಲ.

ಕೊನೇದಾಗಿ ಆ ನಾಲ್ಕು ಬೌಲ್. ಒಂದೊಂದಾಗಿ ಬಿಸಿಲಿಗೆ ಹಿಡಿದು ಅಂಚು, ತಳ, ಒಳಗಿನ ಗೋಡೆ ನೋಡಿ. ಅಂಚಲ್ಲಿ ಅಕ್ಕಿ ನುಚ್ಚಿನಷ್ಟು ಚೂರು ಎದ್ದಿದ್ರೂ, ಉಗುರಿಗೆ ತಡೆಯೋ ಗೀರು ಇದ್ರೂ ಅದನ್ನ ಅಡುಗೆಮನೆಯಿಂದ ತೆಗೀರಿ, ಕಾಳು ಕಡ್ಡಿ ಹಾಕಿಡೋಕೂ ಬೇಡ, ಗಾಜಿನ ಪುಡಿ ಬೇಳೆಲಿ ಸೇರಿದ್ರೆ ಕಾಣಲ್ಲ. ನೆಲಕ್ಕೆ ಬಿದ್ದು ಉಳಿದ ಬೌಲನ್ನ ಇನ್ನೂ ಹುಷಾರಾಗಿ ನೋಡಿ, ಏನೂ ಆಗಿಲ್ಲ ಅಂತ ನಮಗೆ ಅನ್ಸಿದ್ರೂ ಬಿದ್ದ ಜಾಗದಲ್ಲಿ ಪುಟ್ಟ ಚಂದ್ರಾಕಾರದ ಗಾಯ ಆಗಿರ್ಬೋದು. ಮೇಲ್ಮೈ ನುಣ್ಣಗಿದ್ದು ಪರೀಕ್ಷೆಲಿ ಪಟ್ಟೆ ಸಮನಾಗಿ ಕಂಡ್ರೆ ಧೈರ್ಯವಾಗಿ ಬಳಸಿ, ಮೊದಮೊದಲು ತಣ್ಣಗಿನ ಪದಾರ್ಥಕ್ಕೆ ಮಾತ್ರ.

ಎಸೆಯೋವಾಗ ಬೌಲನ್ನ ಹಾಗೇ ಡಸ್ಟ್‌ಬಿನ್ನಿಗೆ ಹಾಕ್ಬೇಡಿ, ಕಸದ ಗಾಡಿಲಿ ಒತ್ತಿದಾಗ ಅದು ಸಿಡಿಯತ್ತೆ, ಬರಿಗೈಲಿ ಕಸ ಬೇರೆ ಮಾಡೋ ಪೌರಕಾರ್ಮಿಕರ ಕಣ್ಣಿಗೆ, ಕೈಗೆ ಹೋಗತ್ತೆ. ನಾಲ್ಕೈದು ಪದರ ಪೇಪರ್ ಸುತ್ತಿ, ರಟ್ಟಿನ ಡಬ್ಬಿಲಿಟ್ಟು ಟೇಪ್ ಹಾಕಿ, ಮೇಲೆ ದಪ್ಪಗೆ 'ಒಡೆದ ಗಾಜು' ಅಂತ ಬರೆದು ಒಣಕಸದ ದಿನ ಕೈಯಲ್ಲೇ ಕೊಟ್ಟು ಬಾಯಲ್ಲೂ ಹೇಳಿ. ಮನೇಲಿ ಒಡೆದ ಚೂರು ಇನ್ನೂ ಶೆಲ್ಫ್ ಸಂದೀಲಿ ಉಳಿದಿರ್ಬೋದು, ಟಾರ್ಚನ್ನ ನೆಲಕ್ಕೆ ಅಡ್ಡಲಾಗಿ ಹಿಡಿದ್ರೆ ಮಿನುಗತ್ತೆ, ಒದ್ದೆ ಪೇಪರ್ ಒತ್ತಿ ತೆಗೀರಿ, ಆ ಪೇಪರನ್ನೂ ಅದೇ ಡಬ್ಬಿಗೆ ಹಾಕಿ. ಬೋರೋಸಿಲಿಕೇಟ್ ಬೌಲ್ ಯಾವತ್ತಾದ್ರೂ ಒಡೆದ್ರೆ ಅದನ್ನ ಬಾಟ್ಲಿ ಗಾಜಿನ ಜೊತೆ ಸೇರಿಸ್ಬೇಡಿ, ಅದು ಕರಗೋ ತಾಪಮಾನ ಹೆಚ್ಚು, ಬಾಟ್ಲಿ ಗಾಜು ಕರಗಿಸೋ ಕುಲುಮೆಲಿ ಕರಗದೆ ಉಳಿದು ಹೊಸ ಬಾಟ್ಲಿಲಿ ಗಂಟಾಗಿ ಸೇರತ್ತೆ, ಬೇರೆ ಡಬ್ಬಿಲಿ ಕೊಡಿ.